ಪ್ರಿಂಟರಿಗೆ ಚೀಟಿ ಕಟ್ಟಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಕಂಬದವರು ಎಂದೇ ಕರೆಯುತ್ತಾರೆ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ದುಡಿದು ನಿವೃತ್ತರಾದವರು. ಈಗ ಆ ಕಂಬಗಳೂ ಇಲ್ಲ, ಏಣಿ ಹೊತ್ತು ತಿರುಗುವ ಕೆಲಸವೂ ಇಲ್ಲ. ಹೆಸರು ಮಾತ್ರ ನಿಂತಲ್ಲೇ ನಿಂತಿದೆ.

ಅವರು ಕೆಲಸದಲ್ಲಿದ್ದಾಗ ಬೀದಿಯ ಮೂಲೆಯಲ್ಲಿ ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಇಲಾಖೆಯವರು ಅದನ್ನು ಪಿಲ್ಲರ್ ಎನ್ನುತ್ತಿದ್ದರು. ಸುತ್ತಲಿನ ಮನೆಗಳ ಫೋನಿನ ತಂತಿಗಳೆಲ್ಲ ಜೋಡಿ ಜೋಡಿಯಾಗಿ ಬಂದು ಅಲ್ಲಿ ಸೇರುತ್ತಿದ್ದವು. ಬೇರೆಯವರ ಕೈಯಲ್ಲಿದ್ದಾಗ ಬಾಚದ ತಲೆಯಂತಿದ್ದ ಆ ಪೆಟ್ಟಿಗೆ ದೊಡ್ಡಪ್ಪನ ಸುಪರ್ದಿಗೆ ಬಂದ ಮೇಲೆ ಜಡೆ ಹೆಣೆದಂತಾಯಿತು. ಪ್ರತಿ ಜೋಡಿಗೂ ಒಂದು ಬಟ್ಟೆಯ ಚೀಟಿ, ಅದಕ್ಕೆ ಮೇಣ ಹಚ್ಚಿದ ದಾರ, ಚೀಟಿಯ ಮೇಲೆ ಬಲಕ್ಕೆ ವಾಲಿದ ಅಕ್ಷರದಲ್ಲಿ ಮನೆಯ ಗುರುತು. ಒಮ್ಮೆ ಚೀಟಿ ಕಟ್ಟಿದ ಜೋಡಿ, ದೊಡ್ಡಪ್ಪನೇ ಬಿಚ್ಚುವ ತನಕ ಆ ಮನೆಯದೇ. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಆ ಪೆಟ್ಟಿಗೆಯನ್ನು ನೋಡಿ ಮೆಚ್ಚಿದರಂತೆ. ಪಕ್ಕದಲ್ಲಿದ್ದ ಮೇಲ್ವಿಚಾರಕ, "ನಾನೇ ಮುಂದೆ ನಿಂತು ಮಾಡಿಸಿದ್ದು ಸಾರ್" ಎಂದು ಹೇಳಿ ಆ ಮೆಚ್ಚುಗೆಯನ್ನು ತನ್ನ ಜೇಬಿಗೆ ಹಾಕಿಕೊಂಡನಂತೆ. ಇದನ್ನು ದೊಡ್ಡಪ್ಪ ಇವತ್ತಿಗೂ ಊಟ ಬಿಟ್ಟು ಹೇಳುತ್ತಾರೆ.

ಇಲಾಖೆಯಲ್ಲಿ ಸಿಗದ ಮೆಚ್ಚುಗೆ ಮನೆಯಲ್ಲಿ ಸಿಗುತ್ತಿತ್ತು. ದೊಡ್ಡಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾರೆ. ಮಷೀನಿನ ಬೆಲ್ಟು ಜಾರಿದರೆ, ಫ್ಯೂಸು ಹೋದರೆ, ನಲ್ಲಿ ಸೋರಿದರೆ, ಕತ್ತರಿ ಕೆಳಗಿಟ್ಟು ಒಳಗೆ ನೋಡಿ ಒಂದೇ ಮಾತು ಕೂಗುತ್ತಿದ್ದರು: "ಏನ್ರೀ, ಸ್ವಲ್ಪ ಬನ್ರೀ ಇಲ್ಲಿ."

ಆ ಕೂಗು ಕೇಳಿದರೆ ದೊಡ್ಡಪ್ಪನ ನಡಿಗೆಯೇ ಬದಲಾಗುತ್ತಿತ್ತು. ಇಕ್ಕಳ ತೆಗೆದುಕೊಂಡು, ಮುಖದಲ್ಲಿ ಬೇಸರ ತಂದುಕೊಂಡು, ಒಳಗೊಳಗೇ ಹಿಗ್ಗುತ್ತಾ ಹೋಗುತ್ತಿದ್ದರು. ಸ್ಕ್ರೂಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕೆಲಸ ಮಾಡುವುದು ಅವರ ಅಭ್ಯಾಸ. ಆಗ ಯಾರಾದರೂ ಏನಾದರೂ ಕೇಳಿದರೆ ಹುಬ್ಬಿನಲ್ಲೇ ಉತ್ತರ.

ಅಕ್ಕನ, ಅಂದರೆ ದೊಡ್ಡಪ್ಪನ ಮಗಳ, ಮದುವೆಯಾದ ಮೇಲೆ ಭಾವ ಅದೇ ಮನೆಯ ಮಹಡಿಗೆ ಬಂದರು. ಅವರದು ಪಕ್ಕದ ಬೀದಿಯಲ್ಲಿ ಔಷಧಿ ಅಂಗಡಿ, ಓಡಾಡಲು ಹತ್ತಿರ. ಬರುವಾಗ ವೈಫೈ ಡಬ್ಬಿ ತಂದರು. ಅದರ ಹಿಂದೆಯೇ ಒಂದೊಂದಾಗಿ ಗೇಟಿಗೆ ಕ್ಯಾಮೆರಾ, ಗೋಡೆಗೆ ಟೀವಿ, ಮೆಟ್ಟಿಲಿಗೆ ಫೋನಿನಿಂದ ಹತ್ತುವ ದೀಪ ಬಂದವು. ದೊಡ್ಡಮ್ಮನಿಗೆ ಪ್ರಿಂಟರ್ ಬಂತು. ಕಾಲರು, ತೋಳು, ಜೇಬುಗಳ ಅಚ್ಚನ್ನು ಅವರು ಕೈಯಲ್ಲಿ ಬರೆದು ಬರೆದು ಬೆರಳು ಬಾಗಿಸಿಕೊಂಡಿದ್ದರು. ಈಗ ಹಳೆಯ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಹಾಳೆಗಳು ಬರತೊಡಗಿದವು.

ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಪ್ರಿಂಟರ್ ಮುಷ್ಕರ ಹೂಡುತ್ತಿತ್ತು. ಕಾರಣ ಸರಳ. ಮನೆಯಲ್ಲಿ ವೈಫೈಗೆ ಸೇರಿದ ಪ್ರತಿ ಸಾಧನಕ್ಕೂ ಆ ಡಬ್ಬಿ ಒಂದು ನಂಬರು ಕೊಡುತ್ತದೆ. ಅದೇ ಅದರ ವಿಳಾಸ. ಡಬ್ಬಿ ಆರಿ ಹೊತ್ತಿಕೊಂಡರೆ ಹಳೆಯ ವಿಳಾಸ ಅದಕ್ಕೆ ನೆನಪಿರುವುದಿಲ್ಲ. ಯಾರು ಮೊದಲು ಕೇಳುತ್ತಾರೋ ಅವರಿಗೆ ಕೈಗೆ ಸಿಕ್ಕಿದ್ದನ್ನು ಕೊಡುತ್ತದೆ. ಲ್ಯಾಪ್‌ಟಾಪು ಮಾತ್ರ ಪ್ರಿಂಟರಿನ ಹಳೆಯ ನಂಬರಿಗೇ ಹಾಳೆ ಕಳಿಸುತ್ತಾ ಕೂತಿರುತ್ತದೆ.

ದೊಡ್ಡಮ್ಮ ಆಗ ಕತ್ತರಿ ಕೆಳಗಿಟ್ಟು, ಒಳಗೆ ನೋಡದೆ ಮೇಲೆ ನೋಡಿ ಕೂಗುತ್ತಿದ್ದರು: "ಅಳಿಯಂದ್ರೇ, ಇದು ಮತ್ತೆ ಮುನಿಸಿಕೊಂಡಿದೆ."

"ಒಂದ್ನಿಮಿಷ ಅತ್ತೆ." ಭಾವ ಇಳಿದು ಬರುತ್ತಲೂ ಇರಲಿಲ್ಲ. ಮಂಚದ ಮೇಲೆ ಕೂತೇ ಫೋನಿನಲ್ಲಿ ಹುಡುಕಿ, "ಕೊನೇಲಿ ಇಪ್ಪತ್ತೆರಡು ಹಾಕಿ" ಎನ್ನುತ್ತಿದ್ದರು. ಮೇಲಿಂದ ಒಂದು ನಂಬರು ಬೀಳುತ್ತಿತ್ತು, ಕೆಳಗೆ ಹಾಳೆ ಬರುತ್ತಿತ್ತು.

"ಏಣಿ ಇಲ್ಲ, ಇಕ್ಕಳ ಇಲ್ಲ, ಕೂತಲ್ಲೇ ಸರಿಮಾಡಿಬಿಡ್ತಾರೆ" ಎಂದು ದೊಡ್ಡಮ್ಮ ತರಗತಿಯ ಹೆಂಗಸರ ಮುಂದೆ ಹೊಗಳುವುದು ಒಳಕೋಣೆಯಲ್ಲಿ ಪೇಪರು ಓದುತ್ತಿದ್ದ ದೊಡ್ಡಪ್ಪನಿಗೆ ಕೇಳಿಸುತ್ತಿತ್ತು. ಏಣಿ, ಇಕ್ಕಳ ಎಂಬ ಎರಡು ಮಾತು ಅವರ ಎದೆಗೆ ನೇರ ನಾಟಿದವು. ಅವರ ಇಡೀ ಬದುಕೇ ಆ ಎರಡರಲ್ಲಿತ್ತು.

ಅಲ್ಲಿಂದ ಅವರಿಗೆ ಅಳಿಯ ಮಾಡಿದ್ದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಭಾವ ಬಲ್ಬು ಬದಲಿಸಿದರೆ, ಆಮೇಲೆ ಹೋಗಿ ಅದನ್ನು ಇನ್ನೊಂದು ಸುತ್ತು ತಿರುಗಿಸಿ ಬರುತ್ತಿದ್ದರು. ಭಾವ ಮೊಳೆ ಹೊಡೆದರೆ, ಅದು ಸೊಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಮೊಳೆ ನೆಟ್ಟಗಿದ್ದರೆ ಆ ದಿನ ಊಟ ಸೇರುತ್ತಿರಲಿಲ್ಲ. ಎಲ್ಲಕ್ಕಿಂತ ಸಹಿಸಲಾಗದ್ದು ಭಾವನ ಒಳ್ಳೆಯತನ. ದೊಡ್ಡಪ್ಪ ಸ್ಟೂಲು ಎಳೆದ ಸದ್ದಾದರೆ ಸಾಕು, ಓಡಿ ಬಂದು, "ನೀವು ಕೂತ್ಕೊಳ್ಳಿ ಮಾವ, ನಾನು ನೋಡ್ತೀನಿ" ಎನ್ನುತ್ತಿದ್ದರು.

"ಕೂತ್ಕೊಳ್ಳಿ ಅಂತೆ" ಎಂದು ದೊಡ್ಡಪ್ಪ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ ಗೊಣಗಿದರು. "ನನ್ನನ್ನೇನು ಮೂಲೇಲಿ ಇಟ್ಟ ಹೂದಾನಿ ಅಂದ್ಕೊಂಡಿದ್ದಾರಾ?"

"ಅಳಿಯ ಕೆಲಸ ಮಾಡಲ್ಲ ಅಂತ ಊರೆಲ್ಲ ಅಳುತ್ತೆ. ನಿಂದು ಉಲ್ಟಾ ಕಣೋ ಅಣ್ಣ" ಎಂದು ಅಪ್ಪ ನಕ್ಕರು. ದೊಡ್ಡಪ್ಪ ನಗಲಿಲ್ಲ. ಅಪ್ಪ ಸ್ನಾನಕ್ಕೆ ಎದ್ದು ಹೋಗುವುದನ್ನೇ ಕಾದಿದ್ದು, ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ನೀನು ಸೈನ್ಸ್ ಓದಿದೋಳು. ಆ ನಂಬರು ಹೆಂಗೆ ಹುಡುಕ್ತಾರೆ, ನಂಗೆ ಹೇಳ್ಕೊಡು. ನಿಮ್ಮ ಭಾವನ ಕಿವಿಗೆ ಬೀಳ್ಬಾರ್ದು."

ನಾನು ನಮ್ಮ ಮನೆಯ ಡಬ್ಬಿಯಲ್ಲೇ ತೋರಿಸಿದೆ. ಡಬ್ಬಿಗೂ ಒಂದು ನಂಬರಿದೆ. ಅದನ್ನು ಬ್ರೌಸರಿನಲ್ಲಿ ಹಾಕಿ, ಡಬ್ಬಿಯ ಬೆನ್ನಿಗೆ ಅಂಟಿಸಿದ ಗುಪ್ತಪದ ಕೊಟ್ಟರೆ ಯಾವ ಯಾವ ನಂಬರಿನಲ್ಲಿ ಯಾರು ಇದ್ದಾರೆಂದು ಕಾಣುತ್ತದೆ. ಹೆಸರು ಅರ್ಥವಾಗದಿದ್ದರೆ ಪಿಂಗ್ ಮಾಡಬಹುದು; ಅಂದರೆ ಆ ನಂಬರನ್ನು ಕೂಗಿ ಕರೆದು, ಓಗೊಡುತ್ತದೆಯೇ ಎಂದು ನೋಡುವುದು. ಆ ಕಡೆ ಸಾಧನ ಜೀವಂತವಿದ್ದರೆ ಉತ್ತರ ಬರುತ್ತದೆ.

ದೊಡ್ಡಪ್ಪನ ಮುಖ ಅರಳಿತು. "ಅಂದ್ರೆ ಈ ಡಬ್ಬಿನೇ ನಮ್ಮ ಪಿಲ್ಲರ್."

"ಹೆಚ್ಚುಕಮ್ಮಿ ಹಾಗೇ. ಆದ್ರೆ ಒಂದು ವಿಷಯ ದೊಡ್ಡಪ್ಪ, ಇಲ್ಲಿ ನಂಬರು ಖಾಯಂ ಅಲ್ಲ..."

"ಚೀಟಿ ಕಟ್ಟದಿದ್ರೆ ಯಾವ್ದು ಖಾಯಂ ಇರುತ್ತಮ್ಮ? ಪಿಲ್ಲರಲ್ಲೂ ಅಷ್ಟೇ. ಮುಂದಿಂದು ನಾನು ನೋಡ್ಕೋತೀನಿ" ಎಂದು ಎದ್ದೇಬಿಟ್ಟರು. ನನ್ನ ಅರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು.

ಮರುದಿನ ಭಾವ ಅಂಗಡಿಗೆ ಹೋದ ಮೇಲೆ ಅವರು ಕೆಲಸಕ್ಕೆ ಇಳಿದರು. ಗುರುತಿಲ್ಲದ ತಂತಿಯ ಮನೆ ಯಾವುದೆಂದು ತಿಳಿಯಲು ಲೈನ್‌ಮನ್ನರು ಮಾಡುವ ಉಪಾಯ ಅವರಿಗೆ ಗೊತ್ತಿತ್ತು: ಒಬ್ಬ ಮನೆಯ ಕಡೆ ತಂತಿ ಕಳಚುವುದು, ಇನ್ನೊಬ್ಬ ಪಿಲ್ಲರ್ ಹತ್ತಿರ ಯಾವುದರ ಸದ್ದು ನಿಂತಿತೆಂದು ಕೇಳುವುದು. ಇಲ್ಲಿ ಇಬ್ಬರೂ ಅವರೇ. ಲ್ಯಾಪ್‌ಟಾಪಿನಲ್ಲಿ ಒಂದು ನಂಬರನ್ನು ಕೂಗಲು ಹಚ್ಚಿ, ಹೋಗಿ ಟೀವಿಯ ಪ್ಲಗ್ ಕಿತ್ತರು. ಉತ್ತರ ನಿಲ್ಲಲಿಲ್ಲ, ಟೀವಿಯಲ್ಲ. ಕ್ಯಾಮೆರಾದ್ದು ಕಿತ್ತರು. ನಿಂತಿತು. ಹೀಗೆ ಕೀಳುತ್ತಾ ಚುಚ್ಚುತ್ತಾ ಮನೆಯೆಲ್ಲ ಅಲೆದರು. ಮಹಡಿಯಲ್ಲಿ ಧಾರಾವಾಹಿ ನೋಡುತ್ತಿದ್ದ ಅಕ್ಕ, "ಅಪ್ಪಾ, ಗಂಡ ಹೆಂಡ್ತಿ ಈಗ ತಾನೇ ರಾಜಿ ಆಗ್ತಿದ್ರು, ಅಷ್ಟರಲ್ಲಿ ಕಿತ್ತುಬಿಟ್ರಲ್ಲ" ಎಂದಳು.

"ನಾಳೆ ಮತ್ತೆ ಜಗಳ ಆಡ್ತಾರೆ ಬಿಡು, ಏನೂ ತಪ್ಪಿಹೋಗಲ್ಲ."

ಸಂಜೆಯೊಳಗೆ ಪ್ರತಿ ಸಾಧನಕ್ಕೂ ಮೇಣದ ದಾರದಲ್ಲಿ ಒಂದೊಂದು ಬಟ್ಟೆಯ ಚೀಟಿ ಬಿದ್ದಿತ್ತು. ಪ್ರಿಂಟರಿನ ತಟ್ಟೆಯಿಂದ ಹದಿನಾರು ಎಂದು ಬರೆದ ಚೀಟಿ ತೂಗುತ್ತಿತ್ತು.

"ಇದೇನ್ರೀ, ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟ ಹಾಗಿದೆ" ಎಂದರು ದೊಡ್ಡಮ್ಮ.

ಕೆಲವೇ ದಿನಗಳಲ್ಲಿ ಅವಕಾಶ ಬಂತು. ತರಗತಿಯ ಹೊತ್ತಿನಲ್ಲಿ ಪ್ರಿಂಟರ್ ಹಟ ಹಿಡಿಯಿತು. ಲ್ಯಾಪ್‌ಟಾಪಿನಲ್ಲಿ ಭಾವ ಹೇಳಿದ್ದ ಇಪ್ಪತ್ತೆರಡೇ ಇನ್ನೂ ಕೂತಿತ್ತು. ದೊಡ್ಡಮ್ಮ ಅಂಗಡಿಗೆ ಫೋನು ಮಾಡಲು ಕೈ ಚಾಚಿದಾಗ, "ಇರು" ಎಂದು ದೊಡ್ಡಪ್ಪ ಒಳಗಿಂದ ಬಂದು, ಚೀಟಿ ಓದಿ, ಹದಿನಾರು ಎಂದು ಒತ್ತಿದರು. ಹಾಳೆ ಬಂತು.

"ಪರವಾಗಿಲ್ವೇ ನೀವು" ಎಂದರು ದೊಡ್ಡಮ್ಮ.

ಆ ಸಂಜೆ ದೊಡ್ಡಪ್ಪ ಇಲ್ಲದ ಕೆಮ್ಮಿಗೆ ಮಾತ್ರೆ ಕೊಳ್ಳಲು ಅಳಿಯನ ಅಂಗಡಿಗೆ ಹೋದರು. ಕಟ್ಟೆಗೆ ಒರಗಿ ನಿಂತು, "ಪ್ರಿಂಟರ್ ಕೈಕೊಟ್ಟಿತ್ತು. ನಾನೇ ಸರಿಮಾಡಿದೆ. ನಿಮಗೆ ತೊಂದರೆ ಕೊಡೋದು ಯಾಕೆ ಅಂತ" ಎಂದರು.

ಭಾವನ ಮುಖ ಬೆಳಗಿತು. "ಒಳ್ಳೇದಾಯ್ತು ಮಾವ. ನಂಬರು ನೀವೇ ಕಂಡುಹಿಡಿದ್ರಾ? ಭಲೇ."

ಅಳಿಯನ ಮುಖ ಸ್ವಲ್ಪವಾದರೂ ಕಪ್ಪಿಡುತ್ತದೆಂದು ಆಸೆಯಿಟ್ಟುಕೊಂಡು ಹೋದವರಿಗೆ ಈ ಸಂತೋಷ ನೋಡಿ ನಿಜವಾಗಿಯೇ ಕೆಮ್ಮು ಬಂತು.

ಆಮೇಲೆ ಕರೆಂಟು ಎಷ್ಟು ಸಲ ಹೋಗಿ ಬಂದರೂ ಪ್ರಿಂಟರ್ ಹದಿನಾರರಲ್ಲೇ ಇತ್ತು. ಒಂದು ನಂಬರೂ ಕದಲಲಿಲ್ಲ. "ನೋಡಿದ್ಯಾ, ಚೀಟಿ ಕಟ್ಟಿದ್ಮೇಲೆ ಹೆಂಗೆ ಬಾಲ ಮುದುರಿಕೊಂಡು ಕೂತಿವೆ" ಎಂದು ನನಗೆ ಹೇಳಿದರು. ಬಟ್ಟೆಯ ಚೀಟಿಗೆ ಆ ಶಕ್ತಿ ಇರಲು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅವರು ಅಷ್ಟು ಖುಷಿಯಲ್ಲಿರುವಾಗ ಬಾಯಿ ಹಾಕಲು ಮನಸ್ಸಾಗಲಿಲ್ಲ.

ಖುಷಿಯಲ್ಲಿದ್ದವರು ಡಬ್ಬಿಯ ಒಳಪುಟಗಳನ್ನೂ ತೆರೆದು ನೋಡತೊಡಗಿದರು. ದೊಡ್ಡಮ್ಮನ ಶಿಷ್ಯೆಯರ ಹೊಲಿಗೆ ಪರೀಕ್ಷೆಯ ಹಿಂದಿನ ದಿನ, ಅವರು ಎಂದೂ ಹೋಗದ ಒಂದು ಪುಟ ಸಿಕ್ಕಿತು. ಅಲ್ಲಿ ಅವರ ನಂಬರುಗಳೆಲ್ಲ ಇದ್ದವು. ಹದಿನಾರರ ಎದುರು 'ಅತ್ತೆ ಪ್ರಿಂಟರ್', ಅದರ ಕೆಳಗೆ 'ಗೇಟ್ ಕ್ಯಾಮೆರಾ', ಹೀಗೆ ಸಾಲಾಗಿ, ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ. ಅತ್ತೆ ಎಂದು ಬರೆಯುವವರು ಆ ಮನೆಯಲ್ಲಿ ಒಬ್ಬರೇ.

ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು. ಮೇಲ್ವಿಚಾರಕನ ಮುಖ ಕಣ್ಣೆದುರು ಬಂತು. ತಾನು ಮನೆಯೆಲ್ಲ ಅಲೆದು, ಮಂಚದ ಕೆಳಗೆ ತೆವಳಿ ಪ್ಲಗ್ ಕಿತ್ತು ಕಂಡುಹಿಡಿದದ್ದನ್ನು ಈತ ಕೂತಲ್ಲೇ ನಕಲು ಹೊಡೆದು ತನ್ನ ಅಕ್ಷರದಲ್ಲಿ ಇಟ್ಟುಕೊಂಡಿದ್ದಾನೆ. ನಾಳೆ ಇದನ್ನೇ ಅತ್ತೆಗೆ ತೋರಿಸಿ ಶಭಾಷ್ ಅನ್ನಿಸಿಕೊಳ್ಳುತ್ತಾನೆ. ಪ್ರತಿ ಸಾಲಿನ ಪಕ್ಕದಲ್ಲೂ ಅಳಿಸುವ ಗುಂಡಿ ಇತ್ತು. ಒಂದನ್ನೂ ಬಿಡದೆ ಒತ್ತಿದರು. ಪುಟ ಖಾಲಿಯಾಯಿತು. ಆ ದಿನ ಅವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರಂತೆ.

ಪರೀಕ್ಷೆಯ ಬೆಳಗ್ಗೆ ನಾನು ದೊಡ್ಡಮ್ಮನಿಗೆ ನೆರವಾಗಲು ಹೋದೆ. ನಸುಕಿನಲ್ಲಿ ಕರೆಂಟು ಹೋಗಿ ಬಂದಿತ್ತು. ಮುಂದಿನ ಕೋಣೆಯಲ್ಲಿ ಶಿಷ್ಯೆಯರು ಕತ್ತರಿ, ಅಳತೆ ಟೇಪು ಹಿಡಿದು ಕೂತಿದ್ದರು. ಒಬ್ಬೊಬ್ಬರಿಗೂ ಕಾಲರು, ತೋಳಿನ ಅಚ್ಚು ಬೇಕು. ಪರೀಕ್ಷೆ ನೋಡಲು ಬೇರೆ ಊರಿನ ಟೀಚರು ಬರುವವರಿದ್ದರು. ದೊಡ್ಡಮ್ಮ ಒತ್ತಿದರು. ಪ್ರಿಂಟರ್ ಸುಮ್ಮನಿತ್ತು.

"ಅಳಿ..." ಎಂದು ಮೇಲೆ ನೋಡಿದವರನ್ನು ದೊಡ್ಡಪ್ಪ ತಡೆದರು. "ನಾನಿಲ್ವಾ?"

ಹದಿನಾರನ್ನು ಕೂಗಿ ನೋಡಿದರು. ಉತ್ತರ ಚೆನ್ನಾಗಿ ಬರುತ್ತಿತ್ತು. ಲೈನ್‌ಮನ್ನರಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ತಂತಿಯಲ್ಲಿ ಸದ್ದು ಸರಿಯಿದ್ದು ಫೋನು ಮಾತಾಡದಿದ್ದರೆ ದೋಷ ಫೋನಿನಲ್ಲೇ. "ಲೈನ್ ಸರಿ ಇದೆ. ಮಷೀನೇ ಕೆಟ್ಟಿದೆ" ಎಂದು ತೀರ್ಪು ಕೊಟ್ಟು ಸ್ಕ್ರೂಡ್ರೈವರ್ ತಂದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮುಚ್ಚಳ ಕಳಚಿತ್ತು. ನೋಡನೋಡುತ್ತಿದ್ದಂತೆ ಪ್ರಿಂಟರಿನ ಹಲ್ಲುಚಕ್ರ, ಉರುಳೆಗಳು ಕತ್ತರಿಸುವ ಮೇಜಿನ ಮೇಲೆ ಬಂದವು. ಎಲ್ಲ ಸರಿಯಾಗಿಯೇ ಇದ್ದವು.

ಭಾವ ಇಳಿದು ಬಂದರು. "ಮಾವ, ನಾನೊಂದ್ಸಲ ನೋಡ್ಲಾ?"

ಬಾಯಲ್ಲಿ ಸ್ಕ್ರೂ ಇದ್ದದ್ದರಿಂದ ದೊಡ್ಡಪ್ಪ ಹುಬ್ಬಿನಲ್ಲೇ ಬೇಡವೆಂದರು. ಭಾವ ಕೊನೆಯ ಮೆಟ್ಟಿಲಲ್ಲೇ ನಿಂತರು. ದೊಡ್ಡಮ್ಮ ಗಂಡನನ್ನೊಮ್ಮೆ, ಅಳಿಯನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು.

ಶಿಷ್ಯೆಯರಲ್ಲಿ ಒಬ್ಬರು ಆಸ್ಪತ್ರೆಯ ನರ್ಸು. "ಆಪರೇಷನ್ ಮುಗೀತಾ ಟೀಚರ್? ಪೇಷೆಂಟು ಬದುಕೋ ಲಕ್ಷಣ ಇದ್ಯಾ? ನಮ್ಮಲ್ಲಾದ್ರೆ ಇಷ್ಟೊತ್ತಿಗೆ ಮನೆಯವರ ಹತ್ರ ಸಹಿ ತಗೋತಿದ್ವಿ" ಎಂದರು. ಎಲ್ಲರೂ ನಕ್ಕರು. ದೊಡ್ಡಪ್ಪನ ಕಿವಿ ಕೆಂಪಾಯಿತು.

"ಸಾಕು. ಅಳಿಯಂದ್ರೇ, ನೀವು ನೋಡಿ" ಎಂದರು ದೊಡ್ಡಮ್ಮ.

ಭಾವ ಫೋನಿನಲ್ಲಿ ಡಬ್ಬಿಯ ಪುಟ ತೆರೆದರು. ಪಕ್ಕದಲ್ಲಿದ್ದ ನಾನೂ ನೋಡಿದೆ. ಹದಿನಾರರಲ್ಲಿ ಗೇಟಿನ ಕ್ಯಾಮೆರಾ ಬಂದು ಕೂತಿತ್ತು. ದೊಡ್ಡಪ್ಪನ ಕೂಗಿಗೆ ಅಷ್ಟು ಹೊತ್ತು ಓಗೊಡುತ್ತಿದ್ದದ್ದು ಅದು. ಪ್ರಿಂಟರ್ ಬೇರೆಲ್ಲೋ ಅಲೆಯುತ್ತಿತ್ತು; ಬಿಚ್ಚಿಟ್ಟ ಮೇಲೆ ಅದೂ ಇಲ್ಲ.

"ಇಲ್ಲಿ ನಂಬರುಗಳನ್ನ ಕಟ್ಟಿಟ್ಟಿದ್ದೆ ಅತ್ತೆ. ಇದರಲ್ಲಿ ಬರೆದಿಟ್ರೆ ಕರೆಂಟು ಹೋದ್ರೂ ಡಬ್ಬಿ ಅದೇ ನಂಬರು ಕೊಡುತ್ತೆ. ಎಲ್ಲ ಹೋಗಿದೆ" ಎಂದು ಭಾವ ತಲೆ ಎತ್ತಿದರು. ಮಾವನ ಮುಖವನ್ನು ಒಂದು ಕ್ಷಣ ನೋಡಿ, ದೃಷ್ಟಿ ತಪ್ಪಿಸಿದರು. "ಡಬ್ಬಿ ಹಳೇದಾಯ್ತು. ಅದಕ್ಕೂ ಮರೆವು ಬಂದಿರ್ಬೇಕು."

"ಯಾವಾಗ ಬರೆದಿಟ್ಟಿದ್ರಿ?" ಎಂದು ನಾನು ಕೇಳಿದೆ.

"ಮಾವ ಚೀಟಿ ಕಟ್ಟಿದ ದಿನವೇ. ಅಷ್ಟು ಕಷ್ಟಪಟ್ಟು ಕಟ್ಟಿದ್ದಾರೆ, ಕರೆಂಟು ಹೋದ್ರೆ ಸುಳ್ಳಾಗಿಬಿಡುತ್ತಲ್ಲ ಅಂತ."

"ಹಾಗಾದ್ರೆ ಹೊಸಾ ಡಬ್ಬಿ ತಂದುಬಿಡಿ" ಎಂದರು ದೊಡ್ಡಮ್ಮ.

ಅಲ್ಲಿಗೆ ಮಾತು ಮುಗಿದಿತ್ತು. ದೊಡ್ಡಪ್ಪ ಸುಮ್ಮನಿದ್ದರೆ ತಪ್ಪು ಡಬ್ಬಿಯ ತಲೆಗೆ ಹೋಗುತ್ತಿತ್ತು. ಅವರು ಬಾಯಿಂದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಅಂಗೈಯಲ್ಲಿ ಜೋಡಿಸಿಕೊಂಡರು.

"ಡಬ್ಬಿಗೇನೂ ಆಗಿಲ್ಲ. ನಿನ್ನೆ ನಾನೇ ಅಳಿಸಿದ್ದು."

"ಯಾಕ್ರೀ?"

"ನನ್ನ ಕೆಲಸ ನಕಲು ಹೊಡೆದಿದ್ದಾರೆ ಅಂದ್ಕೊಂಡೆ."

"ಅಳಿಯನ ಮೇಲೆ ಹೊಟ್ಟೆಕಿಚ್ಚಾ? ಈ ವಯಸ್ಸಲ್ಲಿ?"

ದೊಡ್ಡಪ್ಪ ಅಂಗೈಯ ಸ್ಕ್ರೂಗಳನ್ನೇ ನೋಡುತ್ತಾ ಹೇಳಿದರು: "ಮೊದ್ಲೆಲ್ಲ ಏನಾದ್ರೂ ಕೆಟ್ರೆ ನೀನು ಒಳಗಡೆ ನೋಡಿ ಕೂಗ್ತಿದ್ದೆ. ಈಗ ಮೇಲೆ ನೋಡಿ ಕೂಗ್ತೀಯ."

ಯಾರೂ ನಗಲಿಲ್ಲ. ನರ್ಸು ಅಳತೆ ಟೇಪನ್ನು ಸುಮ್ಮನೆ ಸುರುಳಿ ಸುತ್ತತೊಡಗಿದರು. ದೊಡ್ಡಮ್ಮ ಮೇಜಿನ ಮೇಲಿದ್ದ ಹಲ್ಲುಚಕ್ರವೊಂದನ್ನು ಎತ್ತಿ ಗಂಡನ ಕೈಗೆ ಕೊಟ್ಟರು. "ಟೀಚರು ಬರೋಷ್ಟರಲ್ಲಿ ಇದನ್ನ ಜೋಡಿಸ್ತೀರೋ, ನಾನು ಕೈಯಲ್ಲೇ ಅಚ್ಚು ಬರೆಯೋಕೆ ಕೂರ್ಲೋ?"

"ಜೋಡಿಸ್ತೀನಿ."

ಜೋಡಿಸಿದರು. ಬಿಚ್ಚುವಾಗಲೇ ಭಾಗಗಳನ್ನು ಕ್ರಮವಾಗಿ ಸಾಲಿಟ್ಟಿದ್ದರಿಂದ ಕಷ್ಟವಾಗಲಿಲ್ಲ. ಭಾವ ಮುಟ್ಟಲು ಹೋಗದೆ ಟಾರ್ಚು ಹಿಡಿದು ನಿಂತರು. ಮುಚ್ಚಳ ಕೂತ ಮೇಲೆ, "ಮಾವ, ನಿಮ್ಮ ಚೀಟಿ ಓದ್ತಾ ಬನ್ನಿ. ಅದೇ ನಂಬರುಗಳನ್ನ ಮತ್ತೆ ಕಟ್ಟಿಬಿಡೋಣ" ಎಂದರು. ದೊಡ್ಡಪ್ಪ ಕೋಣೆಯಿಂದ ಕೋಣೆಗೆ ಹೋಗಿ, ಕಂಬದ ಮೇಲಿಂದ ಕೂಗುತ್ತಿದ್ದ ದನಿಯಲ್ಲಿ ಕೂಗಿದರು. "ಪ್ರಿಂಟರ್, ಹದಿನಾರು." ಭಾವ ಡಬ್ಬಿಯ ಪಕ್ಕದಲ್ಲಿ ಕೂತು, "ಹದಿನಾರು, ಆಯ್ತು" ಎನ್ನುತ್ತಾ ಒತ್ತಿದರು. ಡಬ್ಬಿಯನ್ನು ಆರಿಸಿ ಹೊತ್ತಿಸಿದಾಗ ಎಲ್ಲ ತಮ್ಮ ತಮ್ಮ ಮನೆಗೆ ಮರಳಿದವು. ಕೊನೆಯ ಹಾಳೆ ಹೊರಬರುವಾಗ ಪರೀಕ್ಷೆಯ ಟೀಚರು ಗೇಟಿನಲ್ಲಿ ಚಪ್ಪಲಿ ಬಿಡುತ್ತಿದ್ದರು.

ಇಷ್ಟಾದ ಮೇಲೆ ದೊಡ್ಡಪ್ಪನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. "ಒಂದು ಮಾತು ಬಯ್ಯಲಿಲ್ಲ ನೋಡು, ಒಂದು ಮಾತು. ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬರುತ್ತೋ" ಎಂದು ಮರುದಿನ ಅಪ್ಪನ ಹತ್ತಿರ ಗೊಣಗಿದರು. ಈಗ ಅದೂ ಹೊಟ್ಟೆ ಉರಿಯಲು ಒಂದು ಕಾರಣ.

ದೊಡ್ಡಮ್ಮ ಮಾತ್ರ ಕೂಗುವುದನ್ನು ಬದಲಿಸಿದ್ದಾರೆ. ಒಳಗೂ ನೋಡುವುದಿಲ್ಲ, ಮೇಲೂ ನೋಡುವುದಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಾ, "ಯಾರಾದ್ರೂ ಬನ್ನಿ ಇಲ್ಲಿ" ಎನ್ನುತ್ತಾರೆ. ದೊಡ್ಡಪ್ಪ ಪೇಪರು ಓದುವ ಕುರ್ಚಿಯನ್ನು ಒಳಕೋಣೆಯಿಂದ ತಂದು ಮೆಟ್ಟಿಲಿನ ಬುಡದಲ್ಲಿ ಹಾಕಿಕೊಂಡಿದ್ದಾರೆ. ಗಾಳಿ ಚೆನ್ನಾಗಿ ಬರುತ್ತದೆಂದು ಅವರ ವಾದ. ಕೂಗು ಕೇಳಿ ಭಾವ ಮಹಡಿಯಿಂದ ಅರ್ಧ ಇಳಿಯುವಷ್ಟರಲ್ಲಿ ಕುರ್ಚಿ ಖಾಲಿಯಾಗಿರುತ್ತದೆ. ಭಾವ ಅಲ್ಲೇ ನಿಂತು, ಕೆಳಗಿನಿಂದ ದೊಡ್ಡಪ್ಪನ ಬೇಸರ ನಟಿಸುವ ಆ ಹಳೆಯ ದನಿ ಕೇಳಿಸಿದ ಮೇಲೆ ಸದ್ದಾಗದಂತೆ ಮತ್ತೆ ಮೇಲೆ ಹೋಗುತ್ತಾರೆ.